ಸೂರತ್ತಿಗೆ ಹೋಗಲೋ, ಚಿಕ್ಕಪೇಟೆಗೋ? ಬಟ್ಟೆ ಅಂಗಡಿಯ ಮೊದಲ ಖರೀದಿ

ಪ್ರಶ್ನೆ: ನನಗೆ 34 ವರ್ಷ, ಮಂಡ್ಯದವಳು. ಹತ್ತು ವರ್ಷ ಮನೆಯಲ್ಲೇ ಬ್ಲೌಸ್ ಹೊಲಿದು ಕೂಡಿಟ್ಟಿದ್ದು, ಚೀಟಿ ಎತ್ತಿದ್ದು ಎಲ್ಲ ಸೇರಿ 4 ಲಕ್ಷ ಇದೆ. ವಿ.ವಿ. ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿ ಒಂದು ಮಳಿಗೆ ಹಿಡಿದಿದ್ದೇನೆ. ಅಡ್ವಾನ್ಸ್ 75,000 ಕೊಟ್ಟಾಯಿತು, ಬಾಡಿಗೆ 9,000. ಕುರ್ತಿ, ಲೆಗ್ಗಿಂಗ್ಸ್, ನೈಟಿ, ಒಂದಷ್ಟು ಸೀರೆ ಇಡಬೇಕೆಂಬ ಆಸೆ. ನಮ್ಮ ಯಜಮಾನರ ಸ್ನೇಹಿತರು 'ಬೆಂಗಳೂರಿನ ಚಿಕ್ಕಪೇಟೆಯವರೆಲ್ಲ ಮಧ್ಯವರ್ತಿಗಳು, ಸೂರತ್ತಿಗೆ ಹೋದರೆ ಅರ್ಧ ರೇಟು' ಅನ್ನುತ್ತಾರೆ. ಇವರು ಮುಂದಿನ ತಿಂಗಳಿಗೆ ಟಿಕೆಟ್ ಮಾಡಿಸುವುದರಲ್ಲಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರು 'ಕುರ್ತಿ 120 ರೂಪಾಯಿ, ಡೈರೆಕ್ಟ್ ಫ್ಯಾಕ್ಟರಿ, 20,000 ಅಡ್ವಾನ್ಸ್ ಹಾಕಿ' ಅಂತ ದಿನಾ ಮೆಸೇಜ್ ಕಳಿಸುತ್ತಾರೆ. ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಹೋಲ್‌ಸೇಲಿನವರು ಮಾಲು ಕೊಡುವುದಿಲ್ಲ ಅಂತಲೂ ಕೇಳಿದೆ. ಕೂಡಿಟ್ಟ ದುಡ್ಡೆಲ್ಲ ಬಟ್ಟೆ ಮೂಟೆಯಾಗಿ ಕೂತುಬಿಟ್ಟರೆ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ. ಎಲ್ಲಿಂದ ತರಲಿ, ಎಷ್ಟು ತರಲಿ?

ಉತ್ತರ: ನಿಮ್ಮ ಪತ್ರದಲ್ಲಿ ಹತ್ತು ವಿಷಯ ಇವೆ. ಅದರಲ್ಲಿ ನಿಜವಾಗಿ ನಿದ್ದೆ ಕೆಡಿಸಬೇಕಾದದ್ದು ಕೊನೆಯದು ಮಾತ್ರ, ದುಡ್ಡು ಮೂಟೆಯಾಗಿ ಕೂರುವ ಭಯ. ನಾನು ಮೈಸೂರಿನಲ್ಲಿ 26 ವರ್ಷ ರೆಡಿಮೇಡ್ ಅಂಗಡಿ ನಡೆಸಿದೆ. ಈಗ ಹೊಸದಾಗಿ ಅಂಗಡಿ ಇಡುವವರ ಜೊತೆ ಖರೀದಿಗೆ ಹೋಗಿಬರುತ್ತೇನೆ. ಪೀಸಿಗೆ 30 ರೂಪಾಯಿ ಜಾಸ್ತಿ ಕೊಟ್ಟು ತಂದದ್ದಕ್ಕೆ ಬಾಗಿಲು ಹಾಕಿದ ಅಂಗಡಿಯನ್ನು ನಾನು ನೋಡಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಂದೇ ಸಲಕ್ಕೆ ತುಂಬಿಕೊಂಡು, ಎರಡನೇ ಖರೀದಿಗೆ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಹಾಕಿದವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ಯಾವ ಊರಿನಲ್ಲಿ ರೇಟು ಕಡಿಮೆ ಅನ್ನುವುದಕ್ಕಿಂತ ಮೊದಲು, ಯಾವ ಊರಿಗೆ ನೀವು ಹದಿನೈದು ದಿನಕ್ಕೊಮ್ಮೆ ಹೋಗಿಬರಬಹುದು ಅಂತ ಕೇಳಿಕೊಳ್ಳಿ. ನನ್ನ ಸಲಹೆಯೆಲ್ಲ ಆ ಒಂದು ಪ್ರಶ್ನೆಯ ಮೇಲೆಯೇ ನಿಂತಿದೆ.

'ಸೂರತ್ತಿನಲ್ಲಿ ಅರ್ಧ ರೇಟು' ಅನ್ನುವುದರಲ್ಲಿ ಒಂದು ಪಾಲು ನಿಜ ಇದೆ. ಪಾಲಿಯೆಸ್ಟರ್ ಸೀರೆ, ಸಿಂಥೆಟಿಕ್ ಬಟ್ಟೆ, ಡ್ರೆಸ್ ಮೆಟೀರಿಯಲ್ ಅಲ್ಲೇ ಪವರ್‌ಲೂಮಿನಲ್ಲಿ ನೇಯ್ದು, ಅಲ್ಲೇ ಪ್ರಿಂಟ್ ಆಗಿ, ರಿಂಗ್ ರೋಡಿನ ಮಾರ್ಕೆಟ್‌ಗಳಿಂದ ದೇಶಕ್ಕೆಲ್ಲ ಹೋಗುತ್ತವೆ. ಆದರೆ ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಸೂರತ್ತಿನ ಮಾಲಲ್ಲ. ಕಾಟನ್ ಪ್ರಿಂಟ್ ಕುರ್ತಿಗೆ ಹೆಸರಾದದ್ದು ಜೈಪುರ. ಸಾಂಗಾನೇರ್, ಬಗರೂ ಅಚ್ಚಿನ ಬಟ್ಟೆ ಅಲ್ಲಿಯದು. ಲೆಗ್ಗಿಂಗ್ಸ್, ಟೀ ಶರ್ಟ್, ಒಳಉಡುಪಿಗೆ ತಿರುಪ್ಪೂರು. ಜೀನ್ಸ್ ಇಡುವ ಮನಸ್ಸಾದರೆ ನಮ್ಮ ಬಳ್ಳಾರಿಯೇ ಇದೆ. ಇವೆಲ್ಲವನ್ನೂ ಒಂದೇ ದಿನದಲ್ಲಿ, ನಾಲ್ಕು ನಾಲ್ಕು ಪೀಸ್ ಲೆಕ್ಕದಲ್ಲಿ ನೋಡಿ ಆರಿಸಬಹುದಾದ ಜಾಗ ಚಿಕ್ಕಪೇಟೆ. ಅವರು ಮಧ್ಯವರ್ತಿಗಳು ಹೌದು. ಐದು ಊರು ಸುತ್ತುವ ಖರ್ಚನ್ನೂ, ಓಡದ ಡಿಸೈನ್ ಕೂರುವ ನಷ್ಟವನ್ನೂ ಅವರು ಹೊತ್ತಿರುತ್ತಾರೆ, ಅದಕ್ಕೆ ಪೀಸಿಗೆ ಇಷ್ಟು ಅಂತ ನಿಮ್ಮಿಂದ ತೆಗೆದುಕೊಳ್ಳುತ್ತಾರೆ. ಹೊಸಬರಿಗೆ ಅದು ದುಬಾರಿ ಬಾಬತ್ತಲ್ಲ.

ಲೆಕ್ಕ ಹಾಕಿಯೇ ತೋರಿಸುತ್ತೇನೆ. ಚಿಕ್ಕಪೇಟೆಯಲ್ಲಿ 310ಕ್ಕೆ ಬೀಳುವ ಕುರ್ತಿ ದೂರದ ಊರಲ್ಲಿ 260ಕ್ಕೆ ಸಿಕ್ಕಿತು ಅಂದುಕೊಳ್ಳಿ. ಅಷ್ಟು ದೂರ ಹೋದಮೇಲೆ 50 ಪೀಸ್ ತರುವುದಕ್ಕಾಗುವುದಿಲ್ಲ, 400 ತರುತ್ತೀರಿ. ಉಳಿತಾಯ 20,000. ಇಬ್ಬರ ರೈಲು, ಲಾಡ್ಜು, ಊಟ, ಆಟೋಗೆ 12,000, ಪಾರ್ಸೆಲ್ ಮತ್ತು ಹಮಾಲಿಗೆ 4,000 ಹಿಡಿಯಿರಿ. ಕೈಯಲ್ಲಿ ಉಳಿದದ್ದು 4,000. ಇನ್ನು ಆ 400ರಲ್ಲಿ 60 ಪೀಸ್ ಓಡಲಿಲ್ಲ ಅಂದರೆ 15,600 ರೂಪಾಯಿ ರ್ಯಾಕಿನಲ್ಲಿ ಕೂತಿತು. ಮೊದಲ ಖರೀದಿಯಲ್ಲಿ ನಮ್ಮೂರ ಗಿರಾಕಿಯ ಕಣ್ಣು ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಿರುವುದಿಲ್ಲ. ನೂರಕ್ಕೆ ಹದಿನೈದು ಪೀಸ್ ಕೂರುವುದು ಏನೂ ಹೆಚ್ಚಲ್ಲ. ಅದರ ಮೇಲೆ ಸೂರತ್ತಿನಲ್ಲಿ ಕ್ಯಾಟಲಾಗ್ ಪದ್ಧತಿ: ಆರೋ ಎಂಟೋ ಡಿಸೈನಿನ ಸೆಟ್ ಪೂರ್ತಿ ಎತ್ತಬೇಕು. ಎಂಟರಲ್ಲಿ ಮೂರು ನಿಮಗೆ ಇಷ್ಟವಾಗಿರುತ್ತದೆ, ಎರಡು ಪರವಾಗಿಲ್ಲ, ಇನ್ನು ಮೂರು ನೋಡಿದ ಕೂಡಲೇ ಬೇಡ ಅನಿಸಿರುತ್ತದೆ. ಆದರೂ ಎಂಟಕ್ಕೂ ದುಡ್ಡು ಕೊಟ್ಟು ಬರಬೇಕು.

ಇದೇ ಚಿಕ್ಕಪೇಟೆಗೆ ಬೆಳಗಿನ ರೈಲು ಹತ್ತಿದರೆ ಮೆಜೆಸ್ಟಿಕ್ಕಿನಿಂದ ಮೆಟ್ರೋದಲ್ಲಿ ಒಂದೇ ಸ್ಟಾಪು. ಶಕ್ತಿ ಯೋಜನೆಯ ಸಾಮಾನ್ಯ ಬಸ್ಸಿನಲ್ಲಿ ಹೋದರೆ ನಿಮಗೆ ಟಿಕೆಟ್ಟೂ ಇಲ್ಲ, ಮೂಟೆಗೆ ಲಗೇಜ್ ಕೇಳಿದರೆ ಅಷ್ಟೇ. ರಾತ್ರಿ ಊಟಕ್ಕೆ ಮನೆಯಲ್ಲಿರುತ್ತೀರಿ. ಕಳೆದ ಸಲ ತಂದ ಹಳದಿ ಕುರ್ತಿ ಮೂರೇ ದಿನದಲ್ಲಿ ಹೋಯಿತು ಅಂದರೆ ಮುಂದಿನ ವಾರವೇ ಹೋಗಿ ಇನ್ನೊಂದು ಸೆಟ್ ತರಬಹುದು. ಡ್ಯಾಮೇಜ್ ಬಂದ ಪೀಸನ್ನು ಅದೇ ಅಂಗಡಿಯವರ ಎದುರು ಹರವಿ ತೋರಿಸಬಹುದು. ಸೂರತ್ತಿನವರಿಗೆ ನೀವು ಫೋಟೋ ಕಳಿಸುತ್ತೀರಿ, ಅವರು 'ನೋಡೋಣ ಮೇಡಂ' ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಒಂದು ಮಾತು ಮರೆಯಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಿಮ್ಮ ಗಿರಾಕಿಗೂ ಮೈಸೂರಿಗೆ ಬಸ್ ಚಾರ್ಜಿಲ್ಲ. ದೇವರಾಜ ಅರಸು ರಸ್ತೆ, ಮನ್ನಾರ್ಸ್ ಮಾರ್ಕೆಟ್ ಸುತ್ತಿಕೊಂಡು ಸಂಜೆಗೆ ಅವರು ಮಂಡ್ಯಕ್ಕೆ ಬಂದುಬಿಡುತ್ತಾರೆ. ನಿಮ್ಮ ಪೈಪೋಟಿ ಪಕ್ಕದ ಅಂಗಡಿಯ ಜೊತೆಗಿಲ್ಲ, ಮೈಸೂರಿನ ಜೊತೆಗಿದೆ. ಅಲ್ಲಿನ ರೇಟಿಗೆ ರೇಟು ಹೊಡೆಯಲು ಹೋದರೆ 4 ಲಕ್ಷದ ಅಂಗಡಿಗೆ ಆಗದ ಕೆಲಸ. ಅವರಲ್ಲಿಲ್ಲದ ಒಂದು ವಸ್ತು ನಿಮ್ಮಲ್ಲಿದೆ, ಪತ್ರದಲ್ಲಿ ನೀವು ಅದನ್ನು ಹೇಳಿಕೊಂಡೇ ಇಲ್ಲ. ಅದು ನಿಮ್ಮ ಅಳತೆ ಪುಸ್ತಕ.

ಹತ್ತು ವರ್ಷ ಬ್ಲೌಸ್ ಹೊಲಿದಿದ್ದೀರಿ. ನಿಮ್ಮ ಬಡಾವಣೆಯ ನೂರಾರು ಹೆಂಗಸರ ಎದೆ ಸುತ್ತಳತೆ ಅದರಲ್ಲಿ ಬರೆದಿದೆ. ಖರೀದಿಗೆ ಹೊರಡುವ ಮೊದಲು ಒಂದು ಸಂಜೆ ಕೂತು ಎಣಿಸಿ: 36ರವರು ಎಷ್ಟು, 38, 40, 42ರವರು ಎಷ್ಟು. ಅದಕ್ಕೆ ಎರಡು ಇಂಚು ಸಡಿಲ ಸೇರಿಸಿದರೆ ಕುರ್ತಿಯ ಸೈಜು ಸಿಗುತ್ತದೆ. ಸಾಮಾನ್ಯವಾಗಿ ಎಂ ಅಂದರೆ 38, ಎಲ್ 40, ಎಕ್ಸ್‌ಎಲ್ 42, ಡಬಲ್ ಎಕ್ಸ್‌ಎಲ್ 44. ಹೋಲ್‌ಸೇಲಿನಲ್ಲಿ ಈ ನಾಲ್ಕೂ ಸೇರಿದ್ದೇ ಒಂದು ಸೆಟ್, ಪ್ರತಿ ಸೈಜಿಗೆ ಒಂದೊಂದು. ಕಾಲೇಜು ಹತ್ತಿರದ ಅಂಗಡಿಯಲ್ಲಿ ಎಂ, ಎಲ್ ಮೊದಲು ಖಾಲಿಯಾಗುತ್ತವೆ. ಸಂಸಾರಸ್ಥರು ಬರುವ ಅಂಗಡಿಯಲ್ಲಿ ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಮೊದಲ ವಾರವೇ ಹೋಗಿ, ಎಂ ಸೈಜುಗಳು ಸಾಲಾಗಿ ನೇತಾಡುತ್ತಿರುತ್ತವೆ. ಡೆಡ್ ಸ್ಟಾಕ್ ಅಂದರೆ ಡಿಸೈನ್ ಕೆಟ್ಟದ್ದು ಅಂತ ಜನ ತಿಳಿದಿದ್ದಾರೆ. ನನ್ನ ಅಂಗಡಿಯಲ್ಲಿ ಕೂತ ಮಾಲಿನಲ್ಲಿ ಹೆಚ್ಚಿನ ಪಾಲು ಒಳ್ಳೆಯ ಡಿಸೈನಿನ ತಪ್ಪು ಸೈಜುಗಳೇ. ಅದಕ್ಕೇ ಚಿಕ್ಕಪೇಟೆಯಲ್ಲಿ 'ಸೆಟ್ ಒಡೆದು ಕೊಡ್ತೀರಾ?' ಅಂತ ಕೇಳಿ. ಪೀಸಿಗೆ 10-20 ರೂಪಾಯಿ ಜಾಸ್ತಿ ಹಾಕಿ ಕೊಡುವವರು ಇದ್ದಾರೆ, ಆ ಇಪ್ಪತ್ತು ರೂಪಾಯಿ ಧೈರ್ಯವಾಗಿ ಕೊಡಿ. ಜೊತೆಗೆ, ನಿಮಗೆ ಹೊಲಿಗೆ ಬರುತ್ತದೆ. ದೊಡ್ಡ ಕುರ್ತಿಯನ್ನು ಹತ್ತು ನಿಮಿಷದಲ್ಲಿ ಹಿಡಿದುಕೊಡಬಹುದು. ಚಿಕ್ಕದನ್ನು ಬಿಡುವುದಕ್ಕೆ ಒಳಗೆ ಬಟ್ಟೆಯೇ ಇರುವುದಿಲ್ಲ. ಅನುಮಾನ ಬಂದಾಗಲೆಲ್ಲ ದೊಡ್ಡ ಸೈಜಿನ ಕಡೆಗೇ ವಾಲಿ. 'ಇಲ್ಲೇ ಕೂತಿರಿ, ಫಿಟ್ಟಿಂಗ್ ಮಾಡಿ ಕೊಡ್ತೀನಿ' ಅನ್ನುವ ಅಂಗಡಿಗಾಗಿ ಮೈಸೂರಿನ ಬಸ್ ಬಿಟ್ಟು ಬರುವ ಹೆಂಗಸರು ಇದ್ದಾರೆ.

ಇನ್ನು ಮಾಲು ನೋಡುವ ಬಗೆ. ಕೌಂಟರಿನ ಬಿಳಿ ಲೈಟಿನಲ್ಲಿ ಎಲ್ಲ ಬಣ್ಣವೂ ಚೆನ್ನಾಗಿಯೇ ಕಾಣುತ್ತದೆ, ಪೀಸನ್ನು ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಿ. ಒಳಮೈ ಹೊರಗೆ ತಿರುಗಿಸಿ. ಪಕ್ಕದ ಹೊಲಿಗೆಯ ಅಂಚಿನಲ್ಲಿ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿದ್ದಾರೆಯೇ, ಓವರ್‌ಲಾಕ್ ಬಿಗಿಯಾಗಿದೆಯೇ ನೋಡಿ, ಎರಡು ಕೈಯಲ್ಲಿ ಹಿಡಿದು ಹೊಲಿಗೆಯನ್ನು ಅಗಲಕ್ಕೆ ಎಳೆಯಿರಿ. ದಾರ ಹಲ್ಲು ಕಿರಿದರೆ ಆ ಪೀಸು ಮೂರನೇ ಒಗೆತಕ್ಕೆ ನಿಮ್ಮ ಅಂಗಡಿಗೆ ವಾಪಸ್ ಬರುತ್ತದೆ. ಬ್ಯಾಗಿನಲ್ಲಿ ಟೇಪ್ ಇರಲಿ. ಲೇಬಲ್ಲಿನಲ್ಲಿ ಎಕ್ಸ್‌ಎಲ್ ಅಂತ ಇದ್ದು ಎದೆ 40 ಇಂಚು ಬಂದದ್ದನ್ನು ನಾನು ಬೇಕಾದಷ್ಟು ಅಳೆದಿದ್ದೇನೆ. ಬಟ್ಟೆ ಉಳಿಸಲು ಕೆಲವು ಕಡೆ ಸೈಜು ಕದಿಯುತ್ತಾರೆ. ಬಿಳಿ ಕರ್ಚೀಫನ್ನು ನೆನೆಸಿ ಕಡುಗೆಂಪು, ನೇವಿ ಬ್ಲೂ, ಕಪ್ಪು ಬಟ್ಟೆಯ ಒಳಬದಿಗೆ ಉಜ್ಜಿ ನೋಡಿ. 'ತೊಳುದ್ರೆ ಬಣ್ಣ ಹೋಯ್ತದಾ ಅಕ್ಕ?' ಅಂತ ನಿಮ್ಮ ಗಿರಾಕಿ ಕೇಳೇ ಕೇಳುತ್ತಾರೆ. ಉಜ್ಜಿ ನೋಡಿದವರು ಮಾತ್ರ ಅದಕ್ಕೆ ಗಟ್ಟಿಯಾಗಿ ಉತ್ತರ ಕೊಡಬಲ್ಲರು.

ರೇಯಾನ್ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಕಡಿಮೆ ಬೆಲೆಯ ಕುರ್ತಿಗಳಲ್ಲಿ ಬಹಳಷ್ಟು ರೇಯಾನಿನವೇ. ನೋಡಲು ನುಣುಪು, ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ. ಆದರೆ ನೀರಿನಲ್ಲಿ ನೆನೆದಾಗ ಅದರ ಎಳೆ ಬಲ ಕಳೆದುಕೊಳ್ಳುತ್ತದೆ, ಸರಿಯಾಗಿ ಪ್ರೊಸೆಸ್ ಮಾಡದ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೊಸ ಅಂಗಡಿಯಿಂದ ರೇಯಾನ್ ತೆಗೆಯುವಾಗ ಮೊದಲ ಸಲ ಸ್ವಲ್ಪವೇ ತನ್ನಿ. ಒಂದು ಪೀಸಿನ ಉದ್ದ ಅಳೆದು ಬರೆದಿಟ್ಟು, ಬಕೆಟ್ಟಿನಲ್ಲಿ ರಾತ್ರಿಯೆಲ್ಲ ನೆನೆಸಿ, ಒಣಗಿಸಿ ಮತ್ತೆ ಅಳೆಯಿರಿ. 46 ಇಂಚು ಇದ್ದದ್ದು 45 ಆದರೆ ನಡೆಯುತ್ತದೆ. 43 ಆದರೆ ಆ ಅಂಗಡಿಯ ರೇಯಾನ್ ಬೇಡ. ಸೀರೆಯಲ್ಲಿ ರೇಷ್ಮೆ ಅಂತ ಹೇಳಿ ಕೊಟ್ಟದ್ದಕ್ಕೆ ಅಂಚಿನ ಎರಡು ಎಳೆ ಕಿತ್ತು ಸುಟ್ಟು ನೋಡುವುದು ಹಳೆಯ ಪರೀಕ್ಷೆ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುವ ಬೂದಿ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗೋಲಿಯಂತಾಗುತ್ತದೆ. ಸಿಂಥೆಟಿಕ್ ಕ್ರೇಪ್ ಸೀರೆಗೆ 'ಮೈಸೂರು ಸಿಲ್ಕ್' ಅಂತ ಚೀಟಿ ಅಂಟಿಸಿ ಕೊಡುವವರೂ ಇದ್ದಾರೆ, ಆ ಆಮಿಷಕ್ಕೆ ಬೀಳಬೇಡಿ. ಮೈಸೂರು ಸಿಲ್ಕ್ ಭೌಗೋಳಿಕ ಸೂಚಕ ಪಡೆದ ಹೆಸರು, ಮಂಡ್ಯದ ಹೆಂಗಸರು ಅದನ್ನು ಕೈಯಲ್ಲಿ ಮುಟ್ಟಿಯೇ ಹೇಳುತ್ತಾರೆ. ರೇಷ್ಮೆ ಸೀರೆ ಇಡಬೇಕೆಂದಿದ್ದರೆ ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲಕ್ಕೆ ಒಮ್ಮೆ ಹೋಗಿಬನ್ನಿ. ನೇಕಾರರ ಮನೆಯಲ್ಲೇ ಮಗ್ಗದ ಮುಂದೆ ಕೂತು ಮಾತಾಡಬಹುದು. ನಿಮ್ಮೂರಿನ ಪಕ್ಕದಲ್ಲೇ ನೇಯ್ದ ಸೀರೆ ಅಂತ ಹೇಳಿ ಮಾರುವುದರಲ್ಲಿ ಬೇರೆಯೇ ತೂಕ ಇದೆ.

ವಾಟ್ಸ್‌ಆ್ಯಪ್‌ನವರಿಗೆ ಅಡ್ವಾನ್ಸ್ ಹಾಕಬೇಡಿ. 120 ರೂಪಾಯಿಗೆ ಎರಡೂವರೆ ಮೀಟರ್ ಬಟ್ಟೆ, ಹೊಲಿಗೆ ಕೂಲಿ, ಪ್ಯಾಕಿಂಗ್, ಲಾಭ ಎಲ್ಲ ಹೊಂದುತ್ತದೆಯೇ ಅಂತ ನೀವೇ ಲೆಕ್ಕ ಹಾಕಿ, ಹೊಲಿಗೆ ಕೂಲಿ ಎಷ್ಟೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ರೇಟಿಗೆ ಬರುವುದು ಎರಡೇ ಬಗೆ. ಒಂದು, ಕೊಳೆ ಹಿಡಿದ, ತೂತು ಬಿದ್ದ, ಸೈಜು ತಪ್ಪಿದ ಲಾಟ್ ಮಾಲು. ಇನ್ನೊಂದು, ಏನೂ ಬರುವುದೇ ಇಲ್ಲ. ಲಾಟ್ ಮಾಲಿನ ಪಾಠ ನಾನೇ ಕಲಿತಿದ್ದೇನೆ. ಶುರುವಿನ ವರ್ಷಗಳಲ್ಲಿ ಒಬ್ಬ ವ್ಯಾಪಾರಿಯಿಂದ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಅಂತ ಎರಡು ಬೇಲ್ ತಂದೆ. ಮೇಲಿನ ಮೂರು ಪದರ ಬಂಗಾರದಂಥ ಮಾಲು. ಕೆಳಗಿನದನ್ನು ಬಿಚ್ಚಿದರೆ ಎಣ್ಣೆ ಕಲೆ, ಒಂದು ತೋಳು ಗಿಡ್ಡ, ಒಂದು ತೋಳು ಉದ್ದ. ಬಿಲ್ಲಿಲ್ಲದೆ ಬರೀ ಕಚ್ಚಾ ಚೀಟಿಯಲ್ಲಿ ತಂದಿದ್ದರಿಂದ ಕೇಳುವುದಕ್ಕೂ ಹಕ್ಕಿರಲಿಲ್ಲ. ಆ ವರ್ಷದ ದೀಪಾವಳಿ ಮಾಲಿಗೆ ಕೈಗಡ ತರಬೇಕಾಯಿತು.

ಆನ್‌ಲೈನ್‌ನಲ್ಲಿ ಪ್ರಾಮಾಣಿಕ ಹೋಲ್‌ಸೇಲಿನವರೂ ಇದ್ದಾರೆ, ಆದರೆ ಪರೀಕ್ಷೆ ಮಾಡದೆ ದುಡ್ಡು ಕಳಿಸಬೇಡಿ. ಅವರ ಜಿಎಸ್‌ಟಿ ನಂಬರ್ ಕೇಳಿ. 15 ಅಂಕಿ-ಅಕ್ಷರದ ಆ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಸಂಕೇತ: ಗುಜರಾತ್ 24, ಕರ್ನಾಟಕ 29, ತಮಿಳುನಾಡು 33, ರಾಜಸ್ಥಾನ 08. ಸೂರತ್ತಿನ ಫ್ಯಾಕ್ಟರಿ ಅಂದವರ ನಂಬರು 24ರಿಂದ ಶುರುವಾಗದಿದ್ದರೆ ಅಲ್ಲೇ ನಿಲ್ಲಿಸಿ. ಶುರುವಾದರೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಹೆಸರು, ವಿಳಾಸ, ನೋಂದಣಿ ಜೀವಂತ ಇದೆಯೇ ನೋಡಿ. ಬೇರೆಯವರ ನಂಬರು ಕದ್ದು ಕೊಡುವವರೂ ಇರುವುದರಿಂದ, ದುಡ್ಡು ಹಾಕಬೇಕಾದ ಖಾತೆ ಅದೇ ಸಂಸ್ಥೆಯ ಹೆಸರಿನಲ್ಲಿದೆಯೇ ಅಂತಲೂ ನೋಡಿ. ವ್ಯಕ್ತಿಯ ಹೆಸರಿನ ಯುಪಿಐ ಕೊಟ್ಟರೆ ಬೇಡ. ಅಕಸ್ಮಾತ್ ಈಗಾಗಲೇ ಹಾಕಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಕೆಲವು ಗಂಟೆಗಳಲ್ಲೇ ದುಡ್ಡು ತಡೆಹಿಡಿಯುವ ಅವಕಾಶ ಹೆಚ್ಚು.

ಜಿಎಸ್‌ಟಿ ಇಲ್ಲದೆ ಮಾಲು ಸಿಗುವುದಿಲ್ಲ ಅನ್ನುವುದು ಸುಳ್ಳು. ನೋಂದಣಿ ಇಲ್ಲದವರೂ ಪಕ್ಕಾ ಬಿಲ್ಲಿನಲ್ಲೇ ಕೊಳ್ಳಬಹುದು, ಹೊರರಾಜ್ಯದಿಂದಲೂ ತರಬಹುದು. ಕಟ್ಟಿದ ತೆರಿಗೆ ನಿಮಗೆ ವಾಪಸ್ ಸಿಗುವುದಿಲ್ಲ, ಅಷ್ಟೇ. ಅದನ್ನು ಅಸಲಿಗೆ ಸೇರಿಸಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟರೆ ಶೇ 18. ನಿಮ್ಮ ಮಾಲೆಲ್ಲ ಶೇ 5ರೊಳಗೇ ಬರುತ್ತದೆ. ಬರೀ ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟುವವರೆಗೆ ನೋಂದಣಿ ಕಡ್ಡಾಯವಿಲ್ಲ. ಆದರೆ ಎರಡು ಕಡೆ ಜನ ಎಡವುತ್ತಾರೆ. ಬ್ಲೌಸ್ ಹೊಲಿಗೆ ಸೇವೆ ಅನಿಸಿಕೊಳ್ಳುತ್ತದೆ. ಅಂಗಡಿಯ ಜೊತೆ ಅದನ್ನೂ ನಡೆಸಿದರೆ ನಿಮ್ಮ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಇನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿ ಹೊರರಾಜ್ಯದ ಗಿರಾಕಿಗೆ ಕುರ್ತಿ ಕಳಿಸುವುದಾದರೆ, ವಹಿವಾಟು ಎಷ್ಟೇ ಇರಲಿ, ಅದಕ್ಕೆ ಮೊದಲೇ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡೇ ಕಿತ್ತುಹಾಕಿದ್ದರು. ಕಾನೂನಿಗೆ ಯುಪಿಐಯೂ ನಗದೂ ಒಂದೇ. ಎರಡೂ ಸೇರಿದ್ದೇ ವಹಿವಾಟು. ದಿನದ ವ್ಯಾಪಾರವನ್ನು ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಖರೀದಿ ಬಿಲ್ಲುಗಳನ್ನು ಫೈಲ್ ಮಾಡಿ. 'ಬಿಲ್ ಬೇಡ ಅಂದ್ರೆ ಐದು ಪರ್ಸೆಂಟ್ ಉಳಿಯುತ್ತೆ' ಅಂತ ಹೇಳಿದರೂ ಬಿಲ್ ಕೇಳಿ ತೆಗೆದುಕೊಳ್ಳಿ, ಬದಲಾವಣೆ ಎಷ್ಟು ದಿನದೊಳಗೆ ಅನ್ನುವುದನ್ನು ಅದರ ಮೇಲೆಯೇ ಬರೆಸಿ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಮಾಡಿಸಿಕೊಡುತ್ತೇವೆಂದು ಸಾವಿರಾರು ಕೇಳುವವರಿಗೆ ಕೊಡಬೇಡಿ.

ಈಗ ಎಷ್ಟು ತರಬೇಕು ಅನ್ನುವ ಮಾತು. ಅಡ್ವಾನ್ಸ್ ಕಳೆದು 3,25,000 ಇದೆ. ರ್ಯಾಕ್, ಕನ್ನಡಿ, ಟ್ರಯಲ್ ರೂಮ್, ಲೈಟು, ಬೋರ್ಡಿಗೆ 70,000ಕ್ಕಿಂತ ಹೆಚ್ಚು ಬೇಡ. ಆರು ತಿಂಗಳ ಬಾಡಿಗೆ, ಕರೆಂಟಿಗೆ 60,000 ಬೇರೆ ಖಾತೆಯಲ್ಲಿಟ್ಟು ಮರೆತುಬಿಡಿ. ಉಳಿಯುವುದು 1,95,000. ಇದರಲ್ಲಿ ಮೊದಲ ಖರೀದಿಗೆ 90,000 ಮಾತ್ರ ಒಯ್ಯಿರಿ. ರ್ಯಾಕು ತುಂಬಿಲ್ಲ ಅಂತ ಯಜಮಾನರು ಹೇಳುತ್ತಾರೆ, ಗಿರಾಕಿಗಳೂ 'ಇಷ್ಟೇನಾ?' ಅನ್ನುತ್ತಾರೆ. ಮಡಿಸಿಡುವ ಬದಲು ನೇತುಹಾಕಿ, ಅಂಗಡಿ ತುಂಬಿದಂತೆ ಕಾಣುತ್ತದೆ. ಉಳಿದ 1,05,000 ಎರಡನೆಯ, ಮೂರನೆಯ, ನಾಲ್ಕನೆಯ ಖರೀದಿಗೆ. ಮೊದಲ ಖರೀದಿ ನಿಮ್ಮ ಊಹೆ. ಎರಡನೆಯದು ಗಿರಾಕಿ ಹೇಳಿದ್ದು. ಹೆಚ್ಚಿನ ಲಾಭ ಬರುವುದು ಅದರಲ್ಲೇ. 'ಅದಿಲ್ವಾ, ಇದಿಲ್ವಾ' ಅಂತ ಕೇಳಿ ಬರಿಗೈಲಿ ಹೋದವರ ಬೇಡಿಕೆಯನ್ನು ಆಗಲೇ ಬರೆದಿಟ್ಟುಕೊಳ್ಳಿ, ಮುಂದಿನ ಸಲದ ಪಟ್ಟಿ ತಾನಾಗಿ ತಯಾರಾಗುತ್ತದೆ.

ಬೆಲೆ ಇಡುವಾಗ ಹೋಲ್‌ಸೇಲ್ ರೇಟನ್ನೇ ಅಸಲು ಅಂದುಕೊಳ್ಳಬೇಡಿ. 275ರ ಕುರ್ತಿಗೆ ತೆರಿಗೆ ಸುಮಾರು 14, ಪ್ರಯಾಣ, ಹಮಾಲಿ, ಕವರ್ ಸೇರಿ 11, ಅಸಲು 300. ಅದನ್ನು 499ಕ್ಕೆ ಮಾರಿದರೆ 199 ಸಿಗುತ್ತದೆ. ಬಾಡಿಗೆ, ಕರೆಂಟು, ಕೆಲಸದ ಹುಡುಗಿಯ ಸಂಬಳ ಸೇರಿ ತಿಂಗಳಿಗೆ 20,000 ಅಂದರೆ, 100 ಪೀಸ್ ಮಾರಿದಾಗ ಖರ್ಚು ಸರಿಹೋಗುತ್ತದೆ. ದಿನಕ್ಕೆ ನಾಲ್ಕು. ನಿಮ್ಮ ಸಂಬಳ ಶುರುವಾಗುವುದು ಐದನೆಯ ಪೀಸಿನಿಂದ. ಹಾಗಾಗಿ ಮೊದಲ ಆರು ತಿಂಗಳು ಹೊಲಿಗೆ ಬಿಡಬೇಡಿ, ಮೆಷಿನ್ನನ್ನು ಅಂಗಡಿಗೇ ತಂದಿಡಿ. ಕೆಲಸಕ್ಕೆ ಹುಡುಗಿಯನ್ನೂ ಆಮೇಲೆ ಇಟ್ಟುಕೊಂಡರಾಯಿತು.

ಸೀಸನ್ ನಮ್ಮ ಕಡೆಯದನ್ನೇ ನೋಡಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಆಷಾಢದಲ್ಲಿ ಮದುವೆ ಇಲ್ಲ, ಎರಡೂ ತಣ್ಣಗಿನ ತಿಂಗಳು. ಆಷಾಢದಲ್ಲಿ ಹೋಲ್‌ಸೇಲಿನವರು ಹಳೆ ಮಾಲು ಖಾಲಿ ಮಾಡುತ್ತಾರೆ, ಆ ರೇಟಿಗೆ ಮರುಳಾಗಬೇಡಿ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹೊಸ ಮಾಲು ಬರುವುದೂ ಆಗಲೇ, ದುಡ್ಡನ್ನು ಅದಕ್ಕೆ ಇಟ್ಟುಕೊಳ್ಳಿ. ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಬಿಲ್ಲು ಬಟವಾಡೆಯಾದ ವಾರ ಬಟ್ಟೆ ಅಂಗಡಿಗೆ ಬರುವವರ ಮುಖವೇ ಬೇರೆ ಇರುತ್ತದೆ. ಅದರ ಸುದ್ದಿಗೆ ಕಿವಿ ಕೊಟ್ಟಿರಿ.

ನಾಲ್ಕೈದು ಸಲ ಹೋದಮೇಲೆ ಅಂಗಡಿಯವರೇ 'ದುಡ್ಡು ಆಮೇಲೆ ಕೊಡಿ, ಮಾಲು ಎತ್ಕೊಂಡ್ ಹೋಗಿ' ಅನ್ನುತ್ತಾರೆ. ವಿಶ್ವಾಸಕ್ಕೆ ಸಂತೋಷಪಡಿ, ಆದರೆ ಸಾಲಕ್ಕೆ ಕೊಡುವ ಮೂಟೆಯಲ್ಲಿ ಅವರ ಗೋಡೌನಿನಲ್ಲಿ ಕೂತ ಮಾಲೂ ಸೇರಿರುತ್ತದೆ. ನೀವೇ ಆರಿಸಿದ್ದನ್ನು ಮಾತ್ರ ಸಾಲಕ್ಕೆ ತನ್ನಿ.

ಯಜಮಾನರ ಟಿಕೆಟ್ಟಿನ ವಿಷಯ. ಈಗ ಬೇಡ ಅಂತ ಹೇಳಿ, ಮೇಲಿನ ಲೆಕ್ಕ ತೋರಿಸಿ. ಲೆಗ್ಗಿಂಗ್ಸ್ ತಿಂಗಳಿಗೆ ನೂರು ದಾಟಿ ಹೋಗಲು ಶುರುವಾದರೆ, ಸೂರತ್ತಿಗೂ ಮೊದಲು ತಿರುಪ್ಪೂರಿಗೆ ಹೋಗಿ. ಚಾಮರಾಜನಗರ, ಸತ್ಯಮಂಗಲದ ಮೇಲೆ ಒಂದು ಹಗಲಿನ ದಾರಿ. ದಿಂಬಂ ಘಾಟಿನಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಬೆಳಗ್ಗೆಯೇ ಹೊರಡಬೇಕು. ಒಂದು ವರ್ಷ ಕಳೆದು, ಯಾವ ಬಗೆಯ ಸೀರೆ ನಿಮ್ಮಲ್ಲಿ ತಿಂಗಳಿಗೆ ನಲವತ್ತು ಹೋಗುತ್ತದೆ ಅಂತ ಪುಸ್ತಕ ನೋಡಿ ಹೇಳುವಂತಾದಾಗ ಇಬ್ಬರೂ ಸೂರತ್ ರೈಲು ಹತ್ತಿ. ಹೋದ ಮೊದಲ ದಿನ ಏನನ್ನೂ ಕೊಳ್ಳದೆ ಹತ್ತು ಅಂಗಡಿಯ ರೇಟು ಬರೆದುಕೊಂಡು ಬನ್ನಿ, ಖರೀದಿ ಎರಡನೇ ದಿನಕ್ಕಿರಲಿ.